ಇಂಧನ ಸಚಿವರೇ, ಒಮ್ಮೆ ತಾರಸಿ ಹತ್ತಿ ನೋಡಿ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ರಾಜಾಜಿನಗರ, ವಿಜಯನಗರ, ಮಲ್ಲೇಶ್ವರದ ಹಳೇ ಮನೆಗಳ ವೈರಿಂಗ್ ಬಿಚ್ಚಿ ಹೊಸದು ಹಾಕುವುದು, ಲೋಡ್ ಜಾಸ್ತಿ ಮಾಡಿಸಿಕೊಡುವುದು ನನ್ನ ಹೊಟ್ಟೆಪಾಡು. ಬೇಸಿಗೆ ಬಂದರೆ ನಮಗೆ ಸುಗ್ಗಿ. ಫೆಬ್ರವರಿ ಕೊನೆಗೆಲ್ಲ ಫೋನ್ ಶುರು, ಎಸಿ ಪಾಯಿಂಟ್ ಹಾಕಿಕೊಡಿ ಅಂತ. ಹಾಗಾಗಿ ನಾನು ಈಗ ಕೇಳಲು ಹೊರಟಿರುವುದು ನನ್ನ ವ್ಯಾಪಾರಕ್ಕೇ ಕಲ್ಲು ಹಾಕುವ ಕೆಲಸ. ಪರವಾಗಿಲ್ಲ.

ಕೇಳುತ್ತಿರುವುದು ಇಷ್ಟೇ. ಬೆಂಗಳೂರಿನಲ್ಲಿ ಈಗಾಗಲೇ ಎದ್ದು ನಿಂತಿರುವ ಹಳೇ ಕಟ್ಟಡಗಳ ತಾರಸಿ, ಕಿಟಕಿ, ಫ್ಯಾನು ಸರಿಮಾಡಲು ಸರ್ಕಾರ ದುಡ್ಡು ಹಾಕಬೇಕು. ಹೊಸ ದುಡ್ಡು ಬೇಡ. ಗೃಹಜ್ಯೋತಿಗೆ ಅಂತ ನೀವು ಎಸ್ಕಾಂಗಳಿಗೆ, ಅಂದರೆ ಬೆಸ್ಕಾಂನಂಥ ಕರೆಂಟ್ ಕಂಪನಿಗಳಿಗೆ, ಕಟ್ಟುತ್ತಿರುವ ದುಡ್ಡಿನಲ್ಲೇ ಅದು ಹುಟ್ಟುತ್ತದೆ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಆಗಿತ್ತು. 2024ರ ಏಪ್ರಿಲ್ 28ಕ್ಕೆ 38.5 ಡಿಗ್ರಿ. ಆವತ್ತು ಎಲ್ಲರೂ ಮಾತಾಡಿದ್ದು ಮಧ್ಯಾಹ್ನದ ಸೆಕೆ ಬಗ್ಗೆ. ನನಗೆ ಫೋನ್ ಮಾಡುವವರು ಹೇಳುವುದು ರಾತ್ರಿ ಕಥೆ. "ಹನ್ನೊಂದು ಗಂಟೆಯಾದರೂ ರೂಮಿನೊಳಗೆ ಕಾಲಿಡೋಕೆ ಆಗಲ್ಲ ಸಾರ್, ಹೊರಗೆ ಬಾಲ್ಕನಿಯಲ್ಲಿ ನಿಂತರೆ ತಂಪಿದೆ." ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಹೊರಗೆ ತಂಪಿದೆ! ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು ನಮ್ಮದು. ಏಪ್ರಿಲ್‌ನಲ್ಲೂ ಹಗಲು 34 ಡಿಗ್ರಿ ಇದ್ದರೆ ಬೆಳಗಿನ ಜಾವಕ್ಕೆ 22ರ ಆಸುಪಾಸು ಇಳಿಯುತ್ತದೆ. ಚೆನ್ನೈಯವರಿಗೆ ಈ ಭಾಗ್ಯ ಇಲ್ಲ. ಊರು ರಾತ್ರಿ ತಣ್ಣಗಾಗುತ್ತದೆ, ಕಟ್ಟಡ ಆಗುವುದಿಲ್ಲ. ನಾವು ಎಸಿ ಹಾಕಿ ಓಡಿಸುತ್ತಿರುವುದು ಬೆಂಗಳೂರಿನ ಹವಾ ಜೊತೆ ಹೋರಾಡುವುದಕ್ಕಲ್ಲ, ತಲೆ ಮೇಲಿನ ಸ್ಲ್ಯಾಬ್ ಜೊತೆ ಹೋರಾಡುವುದಕ್ಕೆ.

ಎಪ್ಪತ್ತು-ಎಂಬತ್ತರ ದಶಕದಿಂದ ಈಚೆಗೆ ಕಟ್ಟಿದ ಮನೆಗಳ ಕಥೆ ಸಾಮಾನ್ಯವಾಗಿ ಒಂದೇ. ಐದಿಂಚು ಆರ್‌ಸಿಸಿ ಸ್ಲ್ಯಾಬು, ಮೇಲೊಂದು ಪದರ ಸಿಮೆಂಟು, ಅದರ ಮೇಲೆ ವರ್ಷಗಟ್ಟಲೆ ಕೂತ ಕಪ್ಪು ಪಾಚಿ. ಬಿಸಿಲೆಲ್ಲ ಅದು ಕುಡಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಆ ಬಿಸಿ ಕೆಳಗೆ ಇಳಿದು ಬರೋಕೆ ಮೂರು-ನಾಲ್ಕು ಗಂಟೆ ಬೇಕು. ಹಾಗಾಗಿ ಸಂಜೆ ಏಳು-ಎಂಟಕ್ಕೆ ಮನೆಯವರೆಲ್ಲ ಬಂದು ಕೂತಾಗ, ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಇರುವ ಹಾಗೆ, ಸ್ಲ್ಯಾಬು ಅರ್ಧರಾತ್ರಿ ತನಕ ಕಾವು ಬಿಡುತ್ತಾ ಇರುತ್ತದೆ. ಫ್ಯಾನು ಐದರಲ್ಲಿ ಓಡಿದರೂ ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ ಅಷ್ಟೆ.

ಈ ಸ್ಲ್ಯಾಬಿನ ಕೆಳಗೆ ಇರುವವರು ಯಾರು? ಹೆಚ್ಚಾಗಿ ಬಾಡಿಗೆಯವರು. ಓನರ್ ಕೆಳಗಿನ ಮನೆಯಲ್ಲಿರುತ್ತಾರೆ, ತಂಪಾಗಿ. ಕೊನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಅದರ ಪಕ್ಕದಲ್ಲಿ ಶೀಟ್ ಹಾಕಿದ ಇನ್ನೊಂದು ಸಿಂಗಲ್ ರೂಮು. ತಾರಸಿ ಹತ್ತಿ ನೋಡಿದರೆ ನಾಲ್ಕು ಮೂಲೆಯಲ್ಲೂ ತುಕ್ಕು ಹಿಡಿದ ಕಂಬಿ ಆಕಾಶ ನೋಡುತ್ತಾ ನಿಂತಿರುತ್ತವೆ. ಮುಂದೆ ಯಾವತ್ತಾದರೂ ಇನ್ನೊಂದು ಮಹಡಿ ಏರಿಸೋಣ ಅಂತ ಬಿಟ್ಟಿದ್ದು. ಇಪ್ಪತ್ತು ವರ್ಷ ಆಗಿರುತ್ತದೆ, ಮಹಡಿ ಏರಿರುವುದಿಲ್ಲ. ಆದರೆ ಆ ಆಸೆ ಇರುವ ತನಕ ಓನರ್ ಆ ತಾರಸಿಗೆ ಒಂದು ರೂಪಾಯಿ ಹಾಕುವುದಿಲ್ಲ. ಹೇಗೂ ಒಡೆಯೋದು ಅಲ್ವಾ ಅಂತಾರೆ. ಬಾಡಿಗೆಯವನೂ ಹಾಕುವುದಿಲ್ಲ, ಅವನು ಹನ್ನೊಂದು ತಿಂಗಳ ಅಗ್ರಿಮೆಂಟಿನ ಗಿರಾಕಿ. ಸೆಕೆ ಅವನದು, ತಾರಸಿ ಇವನದು. ನಡುವೆ ಕರೆಂಟ್ ಬಿಲ್ ಮಾತ್ರ ನಿಮ್ಮದು.

ಗೃಹಜ್ಯೋತಿ ಬಗ್ಗೆ ನನಗೆ ತಕರಾರಿಲ್ಲ, ಮೊದಲೇ ಹೇಳಿಬಿಡುತ್ತೇನೆ. 2023ರಿಂದ ಎಷ್ಟೋ ಮನೆಗೆ ಅದರಿಂದ ಉಸಿರು ಬಂದಿದೆ, ಬಾಡಿಗೆಯವರಿಗೂ ಕೊಟ್ಟಿದ್ದು ದೊಡ್ಡ ವಿಷಯ. ಆದರೆ ಅದರ ಲೆಕ್ಕ ಹೇಗಿದೆ ನೋಡಿ. ಹಿಂದಿನ ಬಳಕೆಯ ಸರಾಸರಿ ಹಿಡಿದು ಅದಕ್ಕೆ ಸ್ವಲ್ಪ ಸೇರಿಸಿ ಕೊಟ್ಟಿದ್ದೀರಿ. ಅಷ್ಟರೊಳಗಿದ್ದರೆ ಸೊನ್ನೆ ಬಿಲ್. ದಾಟಿದರೆ ದಾಟಿದ್ದಕ್ಕೆ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಕಟ್ಟಬೇಕು. ಹೀಗಿರುವಾಗ ಕೊನೇ ಮಹಡಿಯ ಮನೆಯವರು ಏಪ್ರಿಲ್-ಮೇನಲ್ಲಿ ಕೂಲರ್ ಹಾಕಿ, ಎರಡು ಫ್ಯಾನ್ ಹಗಲೂ ರಾತ್ರಿ ಓಡಿಸಿ ಮಿತಿ ದಾಟುತ್ತಾರೆ. ಕೆಳಗಿನ ಮನೆಯವರು ದಾಟುವುದಿಲ್ಲ. ಅಂದರೆ ಬಿಸಿ ಸ್ಲ್ಯಾಬಿನ ಕೆಳಗೆ ಇದ್ದಿದ್ದಕ್ಕೆ ಒಂದು ದಂಡ. ಇನ್ನೊಂದು ಕಡೆ, ಮಿತಿಯೊಳಗೆ ಇರುವವರಿಗೆ ಕರೆಂಟ್ ಉಳಿಸಿದರೆ ಏನೂ ಸಿಗುವುದಿಲ್ಲ. ಸೊನ್ನೆ ಬಿಲ್ಲನ್ನು ಇನ್ನೆಷ್ಟು ಕಡಿಮೆ ಮಾಡೋಕಾಗುತ್ತೆ?

ಇಲ್ಲೇ ನೋಡಿ ನಿಮ್ಮ ದುಡ್ಡಿರುವುದು. ಹಳೇ ಸೀಲಿಂಗ್ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಹತ್ತಿರ. ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿಗೆ 20 ಯೂನಿಟ್ ಉಳಿತಾಯ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ 120 ರೂಪಾಯಿ. ಗೃಹಜ್ಯೋತಿ ಮನೆಯಲ್ಲಿ ಈ 120 ರೂಪಾಯಿ ಉಳಿಯುವುದು ಮನೆಯವನಿಗಲ್ಲ, ನಿಮಗೆ. ಬಿಲ್ ಕಟ್ಟುವವರು ನೀವು ತಾನೇ. ಫ್ಯಾನಿನ ಬೆಲೆ ಎರಡೂವರೆಯಿಂದ ಮೂರು ಸಾವಿರ. ಚಳಿಗಾಲದಲ್ಲಿ ಫ್ಯಾನ್ ಆಫ್ ಇರುವುದನ್ನೂ ಕಳೆದರೂ ಮೂರು ವರ್ಷದ ಆಸುಪಾಸಿನಲ್ಲಿ ಅಸಲು ವಾಪಸ್. ಆಮೇಲೆಲ್ಲ ಲಾಭ. ಅವನಿಗೆ ಫ್ಯಾನ್ ಕೊಳ್ಳಲು ಕಾರಣವೇ ಇಲ್ಲ, ನಿಮಗೆ ಎಲ್ಲ ಕಾರಣವೂ ಇದೆ. ಹಾಗಿದ್ದರೆ ಫ್ಯಾನ್ ಯಾರು ಕೊಡಿಸಬೇಕು? ಹೊಸ ಬೆಳಕು ಯೋಜನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಂಚಿ 60 ವ್ಯಾಟಿನ ಬುರುಡೆ ಬಲ್ಬು ಮಾಯ ಮಾಡಿದ ಇಲಾಖೆ ನಿಮ್ಮದು. ಹೇಗೆ ಮಾಡೋದು ಅಂತ ನಾನು ಹೇಳಿಕೊಡಬೇಕಾಗಿಲ್ಲ.

ಫ್ಯಾನಿಗಿಂತ ಮುಖ್ಯ ತಾರಸಿ. ಬಿಳಿ ರಿಫ್ಲೆಕ್ಟಿವ್ ಪೇಂಟ್ ಹೊಡೆದರೆ ಬಿಸಿಲು ಬಹುಪಾಲು ವಾಪಸ್ ಹೋಗುತ್ತದೆ. ಕೆಳಗಿನ ರೂಮು ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ, ಶೀಟಿನ ಮನೆಯಾದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 600 ಚದರಡಿ ತಾರಸಿಗೆ ಆಗುವ ಖರ್ಚು ಒಂದೂವರೆ ಟನ್ ಎಸಿಯ ಅರ್ಧ ಬೆಲೆಗಿಂತ ಕಡಿಮೆಯೇ. ಅದೂ ಬೇಡ ಅಂದರೆ ಸುಣ್ಣ ಇದೆ, ನಮ್ಮ ಅಜ್ಜಂದಿರಿಗೆ ಗೊತ್ತಿದ್ದಿದ್ದೇ. ಒಂದು ಮಳೆಗಾಲ ಬಂದರೆ ತೊಳೆದುಕೊಂಡು ಹೋಗುತ್ತದೆ, ಮತ್ತೆ ಬಳಿಯಬೇಕು, ಅಷ್ಟೇ ತೊಂದರೆ. ಹಾಗಂತ ಕಂಡ ಕಂಡ ತಾರಸಿಗೆಲ್ಲ ಬಿಳಿ ಬಳಿದು ಫೋಟೋ ಹೊಡೆಸಿಕೊಳ್ಳಬೇಡಿ. ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಮುಚ್ಚಬೇಕು. ಟ್ಯಾಂಕ್ ತುಂಬಿ ಹರಿಯುವ ಜಾಗದಲ್ಲಿ, ಸೋಲಾರ್ ಸ್ಟ್ಯಾಂಡಿನ ಕಾಲಿಗೆ ತೂತು ಕೊರೆದ ಜಾಗದಲ್ಲಿ ನೀರು ಇಳಿಯುತ್ತಿರುತ್ತದೆ. ಅದರ ಮೇಲೆ ಪೇಂಟ್ ಹೊಡೆದರೆ ಎರಡೇ ವರ್ಷಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಇನ್ನೊಂದು ಐಟಂ ಕೇಳಿದರೆ ನಿಮ್ಮ ಅಧಿಕಾರಿಗಳು ನಗಬಹುದು. ಸೊಳ್ಳೆ ಜಾಲರಿ. ಈ ಊರಿನಲ್ಲಿ ರಾತ್ರಿ ತಂಪು ಗಾಳಿ ಪುಕ್ಕಟೆ ಸಿಗುತ್ತದೆ ಅಂದೆನಲ್ಲ, ಅದು ಒಳಗೆ ಯಾಕೆ ಬರುತ್ತಿಲ್ಲ? ಆರು ಗಂಟೆಗೆ ಜನ ಕಿಟಕಿ ಮುಚ್ಚುತ್ತಾರೆ, ಸೊಳ್ಳೆಗೆ ಹೆದರಿ. ಆಮೇಲೆ ತೆಗೆಯುವುದು ಬೆಳಿಗ್ಗೆಯೇ. ಸ್ಲ್ಯಾಬು ಕಾವು ಬಿಡುವ ಹೊತ್ತಿಗೇ ಮನೆ ಬಂದ್. ಎದುರು-ಬದುರು ಎರಡು ಕಿಟಕಿಗೆ ಒಳ್ಳೇ ಜಾಲರಿ ಹಾಕಿಸಿ ರಾತ್ರಿಯೆಲ್ಲ ತೆರೆದಿಟ್ಟರೆ, ಬೆಂಗಳೂರಿನ ಮಟ್ಟಿಗೆ ಅರ್ಧ ಎಸಿ ಹಾಕಿದ ಹಾಗೆ.

ಮನೆಗಳ ಮಾತಾಯಿತು, ಈಗ ಸರ್ಕಾರದ್ದು. ಹೆಸರು ಬೇಡ, ನಾನು ಕೆಲಸ ಮಾಡಿದ ಒಂದು ಹಳೇ ಸರ್ಕಾರಿ ಕಚೇರಿ. ಮದ್ರಾಸ್ ತಾರಸಿ ಕಟ್ಟಡ. ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಗೋಡೆ ಒಂದೂವರೆ ಅಡಿ ದಪ್ಪ. ಹದಿನಾಲ್ಕು ಅಡಿ ಎತ್ತರದಲ್ಲಿ ಸಾಲಾಗಿ ವೆಂಟಿಲೇಟರ್, ಹಗ್ಗ ಎಳೆದರೆ ತೆರೆದುಕೊಳ್ಳುತ್ತಿದ್ದವು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗಲಿ ಅಂತ ಮಾಡಿದ್ದು. ಯಾರೋ ಸಾಹೇಬರ ಕಾಲದಲ್ಲಿ ಒಂಬತ್ತಡಿಗೆ ಫಾಲ್ಸ್ ಸೀಲಿಂಗ್ ಹೊಡೆದರು. ವೆಂಟಿಲೇಟರ್‌ಗಳೆಲ್ಲ ಅದರ ಮೇಲೆ ಕತ್ತಲೆಯಲ್ಲಿ ಸೇರಿಕೊಂಡವು. ಗಾಳಿ ನಿಂತಿತು, ಹಗಲಲ್ಲೇ ಲೈಟ್ ಹಾಕಬೇಕಾಯಿತು, ಆಮೇಲೆ ರೂಮಿಗೊಂದು ಎಸಿ ಬಂತು. ನಾನು ಕೇಬಲ್ ಎಳೆಯಲು ಸೀಲಿಂಗ್ ಮೇಲೆ ತಲೆ ಹಾಕಿದರೆ ಹಗ್ಗಗಳು ಇನ್ನೂ ಅಲ್ಲೇ ನೇತಾಡುತ್ತಿದ್ದವು, ಪಾರಿವಾಳ ಗೂಡು ಕಟ್ಟಿತ್ತು. ಆ ಕಟ್ಟಡಕ್ಕೆ ಬೇಕಾಗಿದ್ದ ರಿಪೇರಿ ಅಂದರೆ ಹೊಸದೇನೂ ಹಾಕದೆ ಆ ಸೀಲಿಂಗ್ ಕಿತ್ತು ಹಾಕುವುದು.

ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದೇ 1898ರ ಪ್ಲೇಗಿನ ಹೊತ್ತಿನಲ್ಲಿ. ಗಾಳಿ-ಬೆಳಕು ಬೇಕು ಅಂತಲೇ ಹಾಕಿದ ಬಡಾವಣೆಗಳು. ಅಲ್ಲಿ ಉಳಿದಿರುವ ಹಳೇ ಮನೆಗಳಿಗೆ ಹಂಚು, ಜಾಲಂದ್ರ, ಒಳಗೆ ರೆಡ್ ಆಕ್ಸೈಡ್ ನೆಲ. ಇವು ನಿಮ್ಮ ಗ್ರಿಡ್ಡಿಗೆ ಭಾರವೇ ಅಲ್ಲ. ವೈರಿಂಗ್ ಮಾತ್ರ ಅಪಾಯ, ಕೆಲವು ಕಡೆ ಇನ್ನೂ ಮರದ ಪಟ್ಟಿ ಮೇಲೆ ಎಳೆದ ಹಳೇ ವೈರು, ಅರ್ಥಿಂಗ್ ಇಲ್ಲ. ಅದನ್ನು ಬದಲಾಯಿಸಿಕೊಳ್ಳಲು ಕೈಯಲ್ಲಿ ದುಡ್ಡಿಲ್ಲದ ವಯಸ್ಸಾದವರು ಕೊನೆಗೆ ಬಿಲ್ಡರ್‌ಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ನಿಯಮಗಳೇನೋ ಇವೆ. ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲೇ ಬಂತು, 2017ರಲ್ಲಿ ಪರಿಷ್ಕರಣೆ ಆಯಿತು. 100 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ವಾಣಿಜ್ಯ ಕಟ್ಟಡಕ್ಕೆ ಅದು. ಮನೆಗಳಿಗೆ 2018ರಲ್ಲಿ ಇಕೋ ನಿವಾಸ್ ಸಂಹಿತೆ ಬಂತು. ಎಲ್ಲವೂ ಮುಖ್ಯವಾಗಿ ಹೊಸದಾಗಿ ಕಟ್ಟುವವರಿಗೆ. ಕಟ್ಟಿ ಮುಗಿಸಿರುವ ನಮ್ಮ ಊರಿಗೆ ಏನು?

ದುಡ್ಡಿನ ಇನ್ನೊಂದು ಗಂಟು ಸರ್ಕಾರಿ ಕಚೇರಿಗಳಲ್ಲಿದೆ. ಬಜೆಟ್ಟಿನಲ್ಲಿ ಫ್ಯಾನು, ಎಸಿ ಕೊಳ್ಳುವ ಹೆಡ್ಡೇ (ಖರ್ಚಿನ ಖಾತೆಯೇ) ಬೇರೆ, ಕರೆಂಟ್ ಬಿಲ್ ಕಟ್ಟುವ ಹೆಡ್ಡೇ ಬೇರೆ. ಟೆಂಡರಿನಲ್ಲಿ ಕಡಿಮೆ ರೇಟ್ ಹಾಕಿದವನಿಗೆ ಕೆಲಸ. ಕಡಿಮೆ ರೇಟಿನ ಮಾಲು ಮುಂದೆ ಹತ್ತು ವರ್ಷ ಎಷ್ಟು ಯೂನಿಟ್ ತಿನ್ನುತ್ತದೆ ಅಂತ ಎಸ್ಟಿಮೇಟಿನಲ್ಲಿ ಒಂದು ಕಾಲಂ ಇದ್ದಿದ್ದನ್ನು ನಾನಂತೂ ನೋಡಿಲ್ಲ. ಬಿಲ್ ಬಾಕಿ ಉಳಿದರೆ ಎಸ್ಕಾಂ ಕುತ್ತಿಗೆಗೆ, ಅಲ್ಲಿಂದ ಸುತ್ತಿ ನಮ್ಮೆಲ್ಲರ ತಲೆಗೆ.

ಇದೆಲ್ಲ ಆಗುವ ಹೋಗುವ ಮಾತಲ್ಲ ಅನ್ನುವವರಿಗೆ ಸೋಲಾರ್ ವಾಟರ್ ಹೀಟರ್ ತೋರಿಸಿ. 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು. ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿ ತನಕ ರಿಯಾಯಿತಿ ಕೊಟ್ಟಿತು. 50 ರೂಪಾಯಿ ಸಾರ್, ಎರಡು ಕಾಫಿ ದುಡ್ಡು. ಇವತ್ತು ಬೆಂಗಳೂರಿನ ಯಾವ ಫ್ಲೈಓವರ್ ಮೇಲಿಂದ ನೋಡಿದರೂ ತಾರಸಿ ತುಂಬ ಸೋಲಾರ್ ಟ್ಯಾಂಕು. ಪಕ್ಕದ ತೆಲಂಗಾಣ 2023ರಲ್ಲೇ ಐದು ವರ್ಷದ ಕೂಲ್ ರೂಫ್ ನೀತಿ, ಅಂದರೆ ತಾರಸಿ ತಂಪು ಮಾಡುವ ನೀತಿ, ತಂದಿದೆ. ನಾವು 1905ರಲ್ಲೇ ಬೀದಿಗೆ ಕರೆಂಟ್ ದೀಪ ಹಾಕಿದವರು, ಅವರ ಹಿಂದೆ ನಿಂತು ನೋಡುತ್ತಿದ್ದೇವೆ.

ಎಲ್ಲಿಂದ ಶುರು ಮಾಡೋದು ಅಂತ ಸರ್ವೆ, ಕಮಿಟಿ ಏನೂ ಬೇಡ. ಬೆಸ್ಕಾಂ ಕಂಪ್ಯೂಟರಿನಲ್ಲೇ ಇದೆ ಉತ್ತರ. ಡಿಸೆಂಬರ್ ರೀಡಿಂಗ್ ಮತ್ತು ಏಪ್ರಿಲ್ ರೀಡಿಂಗ್ ಪಕ್ಕಪಕ್ಕ ಇಡಿ. ಒಂದೇ ಕಟ್ಟಡದ ನಾಲ್ಕು ಮೀಟರಿನಲ್ಲಿ ಯಾವುದು ಬೇಸಿಗೆಗೆ ಹಾರುತ್ತದೋ ಅದೇ ಹೆಚ್ಚಾಗಿ ಸ್ಲ್ಯಾಬಿನ ಕೆಳಗಿರುವ ಮನೆ. ಆ ಪಟ್ಟಿ ಹಿಡಿದು ಹೊರಡಿ. ಬಾಡಿಗೆ ಮನೆಯ ತಾರಸಿಗೆ ನೀವು ಪೇಂಟ್ ಕೊಡಿ, ಓನರ್ ಕೂಲಿ ಹಾಕಲಿ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಕೊಟ್ಟು ಜನರನ್ನು ಸಾಲು ನಿಲ್ಲಿಸಿದ ಊರಿದು. ತಾರಸಿ ತಂಪು ಮಾಡಿದವರಿಗೆ ಇನ್ನೊಂದು ಶೇ 2 ಕೊಡಿ ಅಂತ ಈಗಿನ ಐದೂ ಪಾಲಿಕೆಗಳಿಗೆ ನೀವು ಒಂದು ಮಾತು ಹೇಳಬಹುದು. ಪೇಂಟ್ ಹೊಡೆದ ನೆಪ ಮಾಡಿ ಬಾಡಿಗೆ ಏರಿಸುವವರಿಗೆ ಮಾತ್ರ ಇದು ಸಿಗಬಾರದು, ಏರಿಸುತ್ತಾರೆ, ನನಗೆ ಗೊತ್ತು.

ದಿನಾಂಕದ ವಿಷಯ ಒಂದು ಬಾಕಿ. ನಮ್ಮಲ್ಲಿ ಬೇಸಿಗೆ ಕೆಲಸದ ಟೆಂಡರ್ ಮಾರ್ಚ್ 31ರ ಬಿಲ್ಲಿಗೋಸ್ಕರ ಆಗುತ್ತದೆ, ಕೆಲಸ ಮೇನಲ್ಲಿ ಶುರುವಾಗುತ್ತದೆ, ಅಷ್ಟರಲ್ಲಿ ಮಳೆ ಬಂದು ತಾರಸಿ ಒದ್ದೆ. ಪೇಂಟ್ ಹಿಡಿಯಬೇಕಾದರೆ ಸ್ಲ್ಯಾಬು ಚೆನ್ನಾಗಿ ಒಣಗಿರಬೇಕು. ಹಾಗಾಗಿ ಆದೇಶ ನವೆಂಬರ್‌ನಲ್ಲಿ ಹೊರಡಲಿ, ಜನವರಿಗೆ ಕೆಲಸ ಶುರುವಾಗಲಿ. ಮೊದಲ ವರ್ಷ ಒಂದೇ ಒಂದು ಸಬ್‌ಡಿವಿಷನ್ ತೆಗೆದುಕೊಳ್ಳಿ, ನಮ್ಮ ರಾಜಾಜಿನಗರದ ಕಡೆಯೇ ಆಗಬಹುದು. ಮೇ ತಿಂಗಳ ರೀಡಿಂಗ್ ಬಂದಾಗ ಹಿಂದಿನ ವರ್ಷದ್ದನ್ನೂ ಜೊತೆಗಿಟ್ಟು ವೆಬ್‌ಸೈಟಿನಲ್ಲಿ ಹಾಕಿ, ನಾವೂ ನೋಡುತ್ತೇವೆ.

ಇಂತಿ,
ಒಬ್ಬ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್
ರಾಜಾಜಿನಗರ, ಬೆಂಗಳೂರು