ಫ್ಯೂಯೆಲ್ ಸೆಲ್ ವಾಹನಗಳ ಕೂಲೆಂಟ್ ಉಷ್ಣತೆಯೂ ಚರ್ಚೆಗೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಹೈಡ್ರೋಜನ್ ಮತ್ತು ಗಾಳಿಯ ಆಮ್ಲಜನಕದಿಂದ ವಿದ್ಯುತ್ ತಯಾರಿಸಿಕೊಂಡು ಓಡುವ ಫ್ಯೂಯೆಲ್ ಸೆಲ್ ವಾಹನಗಳ ಕುರಿತ ಬರಹಗಳಲ್ಲಿ ಇಂಧನದ ಟ್ಯಾಂಕು, ಅದರ ಒತ್ತಡ, ಹೊಗೆಯ ಬದಲು ನೀರು ಹೊರಬರುವ ಸಂಗತಿ ತಪ್ಪದೆ ಇರುತ್ತವೆ. ಕೂಲೆಂಟ್‌ನ ಮಾತು, ಅಂದರೆ ಶಾಖವನ್ನು ಹೊತ್ತೊಯ್ಯುವ ದ್ರವದ ಮಾತು, ಬರುವುದು ಅಪರೂಪ. ಒಳಗೆ ಏನೂ ಉರಿಯದ ಕಾರಣ ಈ ವಾಹನಗಳಿಗೆ ಶಾಖದ ತೊಂದರೆಯೇ ಇಲ್ಲ ಎಂಬ ಭಾವನೆಯೂ ಹಲವರಲ್ಲಿದೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ.

ಹೊರೆ ಹೆಚ್ಚಿ ಪ್ರತಿ ಸೆಲ್‌ನ ವೋಲ್ಟೇಜ್ ಸುಮಾರು 0.65 ವೋಲ್ಟ್‌ಗೆ ಇಳಿದಾಗ, 100 ಕಿಲೊವ್ಯಾಟ್ ವಿದ್ಯುತ್ ನೀಡುವ, ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಸ್ಟ್ಯಾಕ್‌ನಲ್ಲಿ ಸುಮಾರು 90 ಕಿಲೊವ್ಯಾಟ್ ಶಾಖವೂ ಹುಟ್ಟುತ್ತದೆ. ಪೆಟ್ರೋಲ್, ಡೀಸೆಲ್ ಎಂಜಿನ್‌ಗಳಲ್ಲಿ ಇಂಧನದ ಶಕ್ತಿಯ ಮೂರನೇ ಒಂದರಷ್ಟು ಪಾಲು ಹೊಗೆಯೊಂದಿಗೇ ಹೊರಟುಹೋಗುತ್ತದೆ; ಇಲ್ಲಿ ಹೊರಹೋಗುವ ಗಾಳಿ ಒಯ್ಯುವುದು ಅಲ್ಪ, ಮಿಕ್ಕಿದ್ದೆಲ್ಲ ರೇಡಿಯೇಟರ್ ಪಾಲಿಗೆ. ಕೂಲೆಂಟ್ 70ರಿಂದ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇರಬೇಕಾದ್ದರಿಂದ, ಹೊರಗೆ 40 ಡಿಗ್ರಿ ಬಿಸಿಲಿರುವ ದಿನ ಶಾಖವನ್ನು ಹೊರಹಾಕಲು ಸಿಗುವ ಅಂತರ 30ರಿಂದ 40 ಡಿಗ್ರಿ ಮಾತ್ರ. ಕೂಲೆಂಟ್ 100 ಡಿಗ್ರಿಯ ಸಮೀಪವಿದ್ದರೂ ತಾಳಿಕೊಳ್ಳುವ ಎಂಜಿನ್‌ಗೆ ಈ ಇಕ್ಕಟ್ಟಿಲ್ಲ.

ಹಾಗಾದರೆ ಸ್ಟ್ಯಾಕನ್ನೂ ಇನ್ನಷ್ಟು ಬಿಸಿಯಾಗಿ ನಡೆಸಬಾರದೇಕೆ? ಅದರೊಳಗಿನ ಪಾಲಿಮರ್ ಪೊರೆ ತೇವವಾಗಿದ್ದರೆ ಮಾತ್ರ ಪ್ರೋಟಾನ್‌ಗಳನ್ನು ದಾಟಿಸುತ್ತದೆ. ಉಷ್ಣತೆ ಮೇಲೇರಿ ಪೊರೆ ಒಣಗಿದರೆ ರೋಧ ಹೆಚ್ಚುತ್ತದೆ, ಅದರಿಂದ ಶಾಖ ಮತ್ತಷ್ಟು ಹುಟ್ಟುತ್ತದೆ, ಪೊರೆಯ ಆಯುಷ್ಯ ಕುಗ್ಗುತ್ತದೆ. ತೀರ ತಂಪಾದರೆ ನೀರು ಆವಿಯಾಗದೆ ನಿಂತು ಆಮ್ಲಜನಕದ ದಾರಿಯನ್ನೇ ಕಟ್ಟುತ್ತದೆ.

ದೊಡ್ಡ ರೇಡಿಯೇಟರ್ ಕೂರಿಸಿದರೆ ಸಾಕೆಂಬ ಸಲಹೆ ನನಗೆ ಒಪ್ಪಿಗೆಯಾಗದು. ಅದಕ್ಕೆ ಜಾಗ ಬೇಕು. ಅದರ ಫ್ಯಾನ್ ತಿನ್ನುವುದೂ ಸ್ಟ್ಯಾಕ್ ಕೊಟ್ಟ ವಿದ್ಯುತ್ತನ್ನೇ. ನಿಜವಾದ ಕಷ್ಟವಿರುವುದು ನಿಯಂತ್ರಣದಲ್ಲಿ. ಪಂಪಿನ ವೇಗ ಹೆಚ್ಚಿಸಿದರೆ ಸ್ಟ್ಯಾಕ್‌ಗೆ ಒಳಬರುವ ಮತ್ತು ಹೊರಹೋಗುವ ಕೂಲೆಂಟ್‌ಗಳ ನಡುವಿನ ಉಷ್ಣತೆಯ ಅಂತರ ತಗ್ಗುತ್ತದೆ, ಆದರೆ ಒಳಬರುವ ಕೂಲೆಂಟ್‌ನ ಉಷ್ಣತೆಯೂ ಜೊತೆಗೇ ಕದಲುತ್ತದೆ. ಅದನ್ನು ಸರಿಪಡಿಸಲು ಕೂಲೆಂಟನ್ನು ರೇಡಿಯೇಟರಿಗೋ ಅದನ್ನು ತಪ್ಪಿಸುವ ದಾರಿಗೋ ಹಂಚುವ ಮೂರು ದಾರಿಯ ವಾಲ್ವ್ ಮತ್ತು ಫ್ಯಾನ್ ಹೊರಟರೆ, ಕೂಲೆಂಟ್ ರೇಡಿಯೇಟರ್ ಸುತ್ತಿ ಬರುವಷ್ಟು ಹೊತ್ತು ಸೆನ್ಸರ್‌ಗೆ ಅದರ ಫಲ ಕಾಣಿಸುವುದಿಲ್ಲ. ಪಂಪು, ವಾಲ್ವ್, ಫ್ಯಾನ್‌ಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಸಿದರೆ ಉಷ್ಣತೆ ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತದೆ. ಆದ್ದರಿಂದ ಉಷ್ಣತೆ ಏರಿದ ಮೇಲೆ ಎಚ್ಚೆತ್ತುಕೊಳ್ಳುವುದಕ್ಕಿಂತ, ವಾಹನ ಎಷ್ಟು ವಿದ್ಯುತ್ತನ್ನು ಎಳೆಯುತ್ತಿದೆ ಎಂಬುದರಿಂದ ಹುಟ್ಟಲಿರುವ ಶಾಖವನ್ನು ಮೊದಲೇ ಲೆಕ್ಕ ಹಾಕಿ ಮೂರನ್ನೂ ಒಟ್ಟಾಗಿ ಹೊಂದಿಸುವುದೇ ಸರಿಯಾದ ಕ್ರಮ.

ಭಾರ ಹೊತ್ತು ನಿಧಾನವಾಗಿ ಏರು ಹತ್ತುವ ಲಾರಿ, ಬಸ್ಸುಗಳಲ್ಲಿ ಶಾಖ ಹೆಚ್ಚು, ಎದುರುಗಾಳಿ ಕಡಿಮೆ. ಆಗ ನಿಯಂತ್ರಕವು ಸ್ಟ್ಯಾಕನ್ನು ಉಳಿಸಲು ಶಕ್ತಿಯನ್ನೇ ಕಡಿತಗೊಳಿಸುತ್ತದೆ. ಆದಕಾರಣ ತಯಾರಕರು ಗರಿಷ್ಠ ಶಕ್ತಿಯೊಂದನ್ನೇ ಹೇಳದೆ, ಹೊರಗಿನ ಉಷ್ಣತೆ ಎಷ್ಟಿದ್ದಾಗ ಎಷ್ಟು ಶಕ್ತಿಯನ್ನು ಎಷ್ಟು ಹೊತ್ತು ಸತತವಾಗಿ ಪಡೆಯಬಹುದೆಂಬುದನ್ನೂ ಪ್ರಕಟಿಸಬೇಕು. ಕೊಳ್ಳುವ ಸಂಸ್ಥೆಗಳು ಅದನ್ನು ಕೇಳಿಯೇ ಪಡೆಯಬೇಕು.

ಇನ್ನು ವರ್ಕ್‌ಶಾಪ್‌ಗಳ ವಿಷಯ. ನೂರಾರು ವೋಲ್ಟ್ ಇರುವ ಸ್ಟ್ಯಾಕ್‌ನೊಳಗೆ ಹರಿಯುವ ಕೂಲೆಂಟ್ ವಿದ್ಯುತ್ತನ್ನು ಹರಿಯಗೊಡಬಾರದು. ಅದಕ್ಕಾಗಿಯೇ ಅಯಾನುಗಳನ್ನು (ವಿದ್ಯುತ್ ಹರಿಯಗೊಡುವ ಆವೇಶಯುಕ್ತ ಕಣಗಳನ್ನು) ತೆಗೆದ ನೀರು ಮತ್ತು ಗ್ಲೈಕಾಲ್ ಮಿಶ್ರಣವನ್ನು ಬಳಸಿ, ಅಯಾನುಗಳನ್ನು ಹೀರುವ ಫಿಲ್ಟರನ್ನೂ ಅಳವಡಿಸಿರುತ್ತಾರೆ. ಎಂಜಿನ್‌ಗೆ ಹಾಕುವ ಸಾಮಾನ್ಯ ಕೂಲೆಂಟನ್ನಾಗಲಿ ನಲ್ಲಿ ನೀರನ್ನಾಗಲಿ ತಿಳಿಯದೆ ಸುರಿದರೆ ವಿದ್ಯುತ್ತನ್ನು ತಡೆಯುವ ಗುಣ ಕುಸಿದು ಸೋರಿಕೆಗೆ ದಾರಿಯಾಗುತ್ತದೆ. ಈ ಎಚ್ಚರಿಕೆ ಕೈಪಿಡಿಯ ಯಾವುದೋ ಪುಟದಲ್ಲಿದ್ದರೆ ಸಾಲದು, ಕೂಲೆಂಟ್ ಟ್ಯಾಂಕಿನ ಮುಚ್ಚಳದ ಮೇಲೆಯೇ ಎದ್ದು ಕಾಣುವಂತೆ ಇರಬೇಕು.

ಇತಿ,
ಎಂಜಿನಿಯರಿಂಗ್ ಅಧ್ಯಾಪಕ