ಕೆಂಚನಿಗಾಗಿ ಬಂದವರಿಗೆ

ನಮ್ಮ ನಾಯಿ ಕೆಂಚ ತೀರಿಹೋಗಿ ಇವತ್ತಿಗೆ 16 ದಿನ. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ. ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಟ್ಟೆವೋ ಇಲ್ಲವೋ, ಅದೂ ನೆನಪಿಲ್ಲ. ಅವರಿಗೆಲ್ಲ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಂಚ ಜಾತಿನಾಯಿ ಅಲ್ಲ, ನಮ್ಮ ಮಂಡ್ಯ ಸೀಮೆಯ ಬೀದಿಯಲ್ಲಿ ಹುಟ್ಟಿದವನು. 13 ವರ್ಷದ ಹಿಂದೆ ಆಲೆಮನೆ ಹಿಂದಿನ ಸಿಪ್ಪೆ ರಾಶಿಯಲ್ಲಿ ಒಂದೇ ಕುಯ್‌ಗುಟ್ಟುತ್ತಿದ್ದ ಮರಿಯನ್ನು ಅಪ್ಪ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದರು. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಮೇಲೂ ರಸ್ತೆಯಲ್ಲಿ ಟಿವಿಎಸ್ ಎಕ್ಸೆಲ್ ಸದ್ದು ಕೇಳಿದರೆ ಸಾಕು, ಎದ್ದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಗಾಡಿ ಮುಂದೆ ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿದ್ದ. ಅವ್ವ ಒಳಗಿನಿಂದ ನೋಡುತ್ತಿದ್ದರು, ಒಂದು ದಿನವೂ ಅವನನ್ನು ಗದರಿ ಕರೆಯಲಿಲ್ಲ.

ಈ ಬೇಸಿಗೆಯಲ್ಲಿ ಬೋಗುಣಿಗಟ್ಟಲೆ ನೀರು ಕುಡಿಯಲು ಶುರುಮಾಡಿದ. ಹಾಲಿಗೆ ಕಿವುಚಿ ಹಾಕಿದ ಮುದ್ದೆಯನ್ನು ಮೂಸಿ ಬಿಟ್ಟುಬಿಡುತ್ತಿದ್ದ. ಮೊದಲು ತೋರಿಸಿದ ಕಡೆ ವಯಸ್ಸಾಯ್ತು ಎಂದು ಟಾನಿಕ್ ಬರೆದು ಕಳಿಸಿದರು. ಎರಡನೆಯ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್, ಹೆಚ್ಚೆಂದರೆ ಒಂದೂವರೆಯ ಆಚೀಚೆ ಇರಬೇಕಾದದ್ದು, 7.8 ಇತ್ತು. ಇನ್ನೊಂದು ತಿಂಗಳು ಮುಂಚೆ ಬಂದಿದ್ದರೆ ಎಂದು ನಾನು ಅದನ್ನೇ ಹೇಳುತ್ತಿದ್ದೆ. ಡಾಕ್ಟರ್ ಕುರ್ಚಿ ಎಳೆದು ಕೂರಿಸಿ, ಕಿಡ್ನಿಯ ಕೆಲಸ ಮುಕ್ಕಾಲು ಪಾಲು ನಿಂತ ಮೇಲಷ್ಟೇ ಈ ಅಂಕಿ ಏರುವುದು, ಅಲ್ಲಿಯವರೆಗೆ ನಾಯಿ ಎಂದಿನಂತೆಯೇ ಓಡಾಡಿಕೊಂಡಿರುತ್ತೆ, ನೀವು ಅಲಕ್ಷ್ಯ ಮಾಡಿದ್ದಲ್ಲ ಎಂದರು. ಹೊರಗೆ ಸಾಲು ಕಾಯುತ್ತಿದ್ದರೂ ಇದನ್ನು ಎರಡು ಸಲ ಹೇಳಿದರು. ಸಾರ್, ಆ ಎರಡನೆಯ ಸಲ ಹೇಳಿದ್ದಕ್ಕೇ ನಾನು ಅವತ್ತು ರಾತ್ರಿ ನಿದ್ದೆ ಮಾಡಿದ್ದು.

ಆಮೇಲಿನ ಐದು ವಾರ ನಡೆದದ್ದು ಎದುರು ಮನೆ ಅಕ್ಕನಿಂದ. ಆಸ್ಪತ್ರೆ ಡ್ಯೂಟಿ ಮುಗಿಸಿ, ಚಪ್ಪಲಿ ಬಿಡುವುದೇ ನಮ್ಮ ಜಗಲಿಯಲ್ಲಿ. ಮಗಳು ಆರ್‌ಎಲ್ ಎಂಬ ಡ್ರಿಪ್ ನೀರಿನ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಡುತ್ತಿದ್ದಳು. ಅಕ್ಕ ಕೆಂಚನ ಹೆಗಲ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸೂಜಿ ಹಾಕುತ್ತಿದ್ದರು. ನೀರು ಚರ್ಮದಡಿ ಇಳಿದಂತೆ ಅಲ್ಲೊಂದು ಗುಬುಟು ಏಳುತ್ತಿತ್ತು. ಎದ್ದು ನಡೆದರೆ ಅದು ಮುಂಗಾಲಿನ ತನಕ ಜಾರಿ ತೊಳತೊಳ ಅಲ್ಲಾಡುತ್ತಿತ್ತು. ಅವನು ಒಂದು ದಿನವೂ ಹಲ್ಲು ತೋರಿಸಲಿಲ್ಲ. ಕೊನೆಯ ಹತ್ತು ದಿನ ಸೂಜಿ ಹಾಕಲು ಅಕ್ಕ ನನಗೇ ಕಲಿಸಿದರು. ಕೈ ನಡುಗಿದಾಗ ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು.

ಕೊನೆಯ ದಿನ ಎರಡು ಆಟೋದವರು ನಾಯಿ ಎಂದು ಹತ್ತಿಸಲಿಲ್ಲ. ಮೂರನೆಯವರು ತಾವೇ ಸೀಟಿನ ಮೇಲೆ ಗೋಣಿಚೀಲ ಹಾಸಿದರು, ಹಾಡು ನಿಲ್ಲಿಸಿದರು, ಹಳ್ಳ ಬಂದಲ್ಲೆಲ್ಲ ನಿಧಾನ ಮಾಡಿದರು. ವಾಪಸ್ ಬರುವಾಗ ಅವನು ಬದುಕಿರಲಿಲ್ಲ. ನಿಮ್ಮ ಹೆಸರನ್ನೂ ಕೇಳಲಿಲ್ಲ ಅಣ್ಣಾ. ಇದು ನಿಮಗೆ ಮುಟ್ಟಲಿ.

ಆ ಕೊನೆಯ ಇಂಜೆಕ್ಷನ್ ಕೊಡಿಸುವ ತೀರ್ಮಾನ ನಾನು ಮತ್ತು ಅವ್ವ ಸೇರಿ ಮಾಡಿದ್ದು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಚಿಕ್ಕಪ್ಪ ಮಳೆಯಲ್ಲೇ ಗದ್ದೆ ಬದುವಿನ ಹೊಂಗೆ ಮರದ ಬುಡದಲ್ಲಿ ಎದೆಮಟ್ಟ ಗುಂಡಿ ತೋಡಿದರು. ಅಷ್ಟು ಆಳ ಬೇಡ ಎಂದರೆ, "ಅಣ್ಣ ತಂದ ಮಗ ಕಣಪ್ಪ ಇವ್ನು, ನರಿ ಪರಿ ಕೆದಕಬಾರ್ದು" ಎಂದರು. ಅಪ್ಪನ ಹಳೇ ಟವೆಲ್ ಹೊದಿಸಿ ಮಣ್ಣು ಮಾಡಿದೆವು.

ನಾಯಿ ಸತ್ತದ್ದಕ್ಕೆ ಇಷ್ಟೊಂದಾ ಎಂದವರೂ ಇದ್ದರು. ಆ ಮಾತು ಕೇಳಿಸಿಕೊಂಡು ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು ಸಂಜೆ ಬಂದು ಕೂತರು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಕಥೆ ಹೇಳಿದರು. ಸಾವಿರ ವರ್ಷಕ್ಕೂ ಹಿಂದೆ, 10ನೇ ಶತಮಾನದಲ್ಲಿ, ಗಂಗ ವಂಶದ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ, ಅರಸ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಊರು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನಂತೆ. ಕಾಳಿ ಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಅಲ್ಲಿನ ಶಿವಗುಡಿಯ ಪೂಜಾರಿ, ಉಣ್ಣಬಾರದು ಎಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ್ದು. "ನಮ್ಮ ಸೀಮೇಲೇ ಅತ್ತವ್ರೆ ಕಣಯ್ಯ, ನೀನೂ ಅಳು" ಎಂದರು ಮೇಷ್ಟ್ರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಸೀಲ್ ಒಡೆಯದ ನಾಲ್ಕು ಬಾಟಲಿ ಉಳಿದಿದ್ದವು. ಅವಧಿ ಇನ್ನೂ ಇದೆ, ಡಾಕ್ಟರ್ ಹತ್ತಿರ ಕೊಟ್ಟಿದ್ದೇನೆ. ಊರಿನಲ್ಲಿ ಯಾರ ಮನೆ ನಾಯಿಗಾದರೂ ಡಾಕ್ಟರ್ ಮನೆಯಲ್ಲೇ ಡ್ರಿಪ್ ಹಾಕಿ ಎಂದರೆ, ಸೂಜಿ ಹಾಕಲು ಕೈ ಬರದಿದ್ದರೆ, ಸಂಜೆ ಆರರ ಮೇಲೆ ನನ್ನನ್ನು ಕರೆಯಿರಿ. ಬರುತ್ತೇನೆ.