ಅತಿಥಿಗೊಂದು ಮೈಕ್ ಕೊಡಿ

ಮಾನ್ಯರೇ,

ಕನ್ನಡದಲ್ಲಿ ಹಾಸ್ಯ, ಹರಟೆಯ ಪಾಡ್‌ಕಾಸ್ಟ್‌ಗಳು ಬರುತ್ತಿರುವುದು ಸಂತಸದ ಸಂಗತಿ. ಆದರೆ ಸಿನಿಮಾ ನಟರನ್ನೋ ಬಾಳೆಹೊನ್ನೂರಿನ ಕಾಫಿ ವಿಜ್ಞಾನಿಗಳನ್ನೋ ಕರೆಸಿ, ಮೇಜಿನ ನಡುವೆ ಒಂದೇ ಮೊಬೈಲ್ ಇಟ್ಟರೆ ಅವರ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಒಬ್ಬೊಬ್ಬರಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್ (ಅವರ ದನಿಯಷ್ಟೇ ಇರುವ ಪ್ರತ್ಯೇಕ ಮುದ್ರಣ) ಬೇಕೇ ಬೇಕು. ಮೈಕ್ ಬಾಯಿಂದ ಅರ್ಧ ಗೇಣು ದೂರ, ತುಸು ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಭ’ ಅನ್ನುವಾಗ ಗಾಳಿ ಬಡಿಯುತ್ತದೆ.

ಹಾಸ್ಯದ ಕಂತುಗಳಲ್ಲಿ ದೊಡ್ಡ ಅಪಾಯ ನಗುವಿನದು. ಸೊನ್ನೆಯೇ ಮೇಲಿನ ಮಿತಿಯಾಗಿರುವ ರೆಕಾರ್ಡಿಂಗ್ ಮೀಟರ್‌ನಲ್ಲಿ ಮಾತಿನ ಗರಿಷ್ಠ ಮಟ್ಟವನ್ನು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ನಿಲ್ಲಿಸಿ. ಅದಕ್ಕಿಂತ ಏರಿಸಿಟ್ಟರೆ ಎಲ್ಲರೂ ಒಟ್ಟಿಗೆ ನಕ್ಕಾಗ ಧ್ವನಿ ಒಡೆಯುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಪೂರ್ತಿ ಸರಿಯಾಗದು.

ನಮ್ಮ ಮಲೆನಾಡಿನಲ್ಲಿ ಮಳೆಯದೇ ಇನ್ನೊಂದು ಪಾಡು. ಜುಲೈನಲ್ಲಿ ತಗಡಿನ ಸೂರಿನಡಿ ರೆಕಾರ್ಡ್ ಮಾಡಬೇಡಿ. ಮಳೆಯ ಸದ್ದು ‘ಸ’, ‘ಶ’ಗಳ ಆವರ್ತನದಲ್ಲೂ ಹರಡಿರುವುದರಿಂದ ಅದನ್ನು ತೆಗೆಯಹೋದರೆ ಮಾತೂ ಸವೆಯುತ್ತದೆ. ತಾರಸಿ ಕೋಣೆ ಹುಡುಕಿ, ಗೋಡೆಗೆ ದಪ್ಪ ಕಂಬಳಿ ಇಳಿಬಿಡಿ, ಪ್ರತಿಧ್ವನಿ ಅಡಗುತ್ತದೆ.

ಇನ್ನೊಂದು ಮಾತು ನಿರೂಪಕರಿಗೆ: ತಜ್ಞರು ಗೊಬ್ಬರದ ಪ್ರಮಾಣ ಹೇಳುವಾಗ ನಡುವೆ ಜೋಕ್ ತೂರಿಸಬೇಡಿ. ಎರಡು ದನಿ ಬೆರೆತರೆ ಬೆಳೆಗಾರನಿಗೆ ಬೇಕಾದ ಅಂಕಿಯೇ ಕೇಳಿಸದು.

– ಧ್ವನಿ ಸಂಕಲನಕಾರ, ಚಿಕ್ಕಮಗಳೂರು